ಟೋಲ್ ಗೇಟ್ ಗಲಾಟೆ ಸುದ್ದಿ ಬರೆಯೋದು ಹೇಗೆ? ಹಾಸನ–ಚಿಕ್ಕಮಗಳೂರು ವರದಿಗಾರರು, ಡೆಸ್ಕಿನವರು, ಯೂಟ್ಯೂಬಿನವರು ಬನ್ನಿ

ಹೇಮಾವತಿ_ಡೆಸ್ಕ್

ಕೆಳಗಿರೋದು ಯಾವ ಪತ್ರಿಕೆಯದೂ ಅಲ್ಲ, ಚರ್ಚೆಗೆಂದು ಕಟ್ಟಿದ ಮಾದರಿ. ಆದರೆ ನಮ್ಮೆರಡು ಜಿಲ್ಲೆಯ ಪುಟ ದಿನಾ ನೋಡುವವರಿಗೆ ಇದರ ಒಂದು ಸಾಲೂ ಹೊಸದಲ್ಲ.

ಶೀರ್ಷಿಕೆ: ಟೋಲ್ ಬಳಿ ಮಂಗಳಮುಖಿಯರ ಹಾವಳಿ: ಪ್ರಯಾಣಿಕರು ಹೈರಾಣ

ಸುದ್ದಿ: ಹಾಸನ: ನಗರದ ಹೊರವಲಯದ ಟೋಲ್ ಗೇಟ್ ಬಳಿ ಮಂಗಳಮುಖಿಯರ ಹಾವಳಿ ಮಿತಿಮೀರಿದ್ದು, ಹಣ ಕೊಡಲು ಒಪ್ಪದ ಕಾರು ಚಾಲಕನ ಮೇಲೆ ಹಲ್ಲೆ ನಡೆಸಿರುವ ಘಟನೆ ಭಾನುವಾರ ನಡೆದಿದೆ. ‘ಕ’ ಅಲಿಯಾಸ್ ‘ಖ’ (28) ಎಂಬಾತನನ್ನು ಪೊಲೀಸರು ವಶಕ್ಕೆ ಪಡೆದಿದ್ದಾರೆ. ಹೆಣ್ಣಿನ ವೇಷ ಧರಿಸಿ ವಸೂಲಿಗೆ ಇಳಿದಿದ್ದ ಎನ್ನಲಾಗಿದೆ. ಇವರಿಗೆ ಕಡಿವಾಣ ಹಾಕಬೇಕೆಂದು ಸಾರ್ವಜನಿಕರು ಆಗ್ರಹಿಸಿದ್ದಾರೆ.

ಚಿತ್ರ: ಹಳೇ ಫೈಲಿನಿಂದ ತೆಗೆದ, ಯಾವುದೋ ಸಿಗ್ನಲ್‌ನಲ್ಲಿ ನಿಂತ ಮೂವರ ಮುಖ.

ಕೇಳುವುದಿಷ್ಟೇ. ಘಟನೆ ನಡೆದದ್ದು ನಿಜ, ದೂರು ದಾಖಲಾದದ್ದೂ ನಿಜ ಅಂತಿಟ್ಟುಕೊಳ್ಳಿ. ಇದನ್ನು ಹೇಗೆ ಬರೀಬೇಕು? ಅನುಭವ ಕಥನ ಬೇಡ, ಸಾಲು ಹಿಡಿದು ಮಾತಾಡಿ.

ರಾತ್ರಿಪಾಳಿ

‘ಹಾವಳಿ’ಯಿಂದಲೇ ಶುರು ಮಾಡೋಣ. ನಮ್ಮ ಕಡೆ ಈ ಪದಕ್ಕೆ ಕಾಯಂ ಗಿರಾಕಿ ಕಾಡಾನೆ. ಆಲೂರು, ಸಕಲೇಶಪುರ, ಮೂಡಿಗೆರೆ ಅಂತ ಊರಿನ ಹೆಸರು ಬಿದ್ದರೆ ಸಾಕು, ಬೆರಳು ತಾನಾಗಿ ‘ಹಾವಳಿ’ ಒತ್ತುತ್ತದೆ. ಆನೆ, ಕೋತಿ, ಬೀದಿನಾಯಿ, ನಾಲ್ಕನೆಯವರಾಗಿ ಮಂಗಳಮುಖಿಯರು. ‘ಕಡಿವಾಣ’, ‘ಕಾಟ’, ‘ಉಪಟಳ’ ಎಲ್ಲ ಅದೇ ಡಬ್ಬಿಯ ಸರಕು.

ಎರಡನೇ ತಪ್ಪು ಬಹುವಚನದ್ದು. ದೂರಿನಲ್ಲಿ ಇರೋದು ಒಬ್ಬರ ಹೆಸರು, ಶೀರ್ಷಿಕೆಯಲ್ಲಿ ಇಡೀ ಸಮುದಾಯ. ಲಾರಿ ಚಾಲಕ ಒಬ್ಬ ಹೊಡೆದಾಡಿದರೆ ‘ಲಾರಿ ಚಾಲಕರ ಹಾವಳಿ’ ಅಂತ ಹಾಕ್ತೀರಾ? ಜಾತಿಯ ಹೆಸರು ಹಾಕಿ ಓದಿ ನೋಡಿ, ಸಂಪಾದಕರಿಗೆ ಬೆಳಿಗ್ಗೆ ಆರಕ್ಕೇ ಫೋನ್ ಬರುತ್ತೆ. ಇದು ಡೆಸ್ಕಿನಲ್ಲಿ ಹತ್ತು ಸೆಕೆಂಡಿನಲ್ಲಿ ಮಾಡಬಹುದಾದ ಪರೀಕ್ಷೆ: ಆ ಜಾಗದಲ್ಲಿ ಬೇರೆ ಸಮುದಾಯದ ಹೆಸರಿಟ್ಟರೆ ಅಚ್ಚಿಗೆ ಹೋಗುತ್ತಾ? ಹೋಗೋದಿಲ್ಲ ಅಂದರೆ ಇದೂ ಹೋಗಬಾರದು.

ಮೂರನೆಯದು ‘ಮಿತಿಮೀರಿದ್ದು’. ಯಾವ ಮಿತಿ? ಠಾಣೆಯಲ್ಲಿ ಇಂಥ ಎಷ್ಟು ದೂರು ದಾಖಲಾಗಿವೆ ಅಂತ ಕೇಳಿ, ಸಂಖ್ಯೆ ಸಿಕ್ಕರೆ ಬರೆಯಿರಿ. ಸಿಗದಿದ್ದರೆ ಆ ಪದ ಹೊಡೆದುಹಾಕಿ. ‘ಸಾರ್ವಜನಿಕರು ಆಗ್ರಹಿಸಿದ್ದಾರೆ’ ಅನ್ನೋದೂ ಹಾಗೇ. ಯಾರು? ಹೆಸರು, ಊರು ಇದ್ದರೆ ಹಾಕಿ. ಇಲ್ಲದಿದ್ದರೆ ಅದು ವರದಿಗಾರರ ಆಗ್ರಹ ಅಷ್ಟೇ.

ಶೀರ್ಷಿಕೆ ನನ್ನ ಪ್ರಕಾರ: ‘ಟೋಲ್ ಬಳಿ ಕಾರು ಚಾಲಕನ ಮೇಲೆ ಹಲ್ಲೆ: ಒಬ್ಬರ ವಿಚಾರಣೆ’. ಎರಡು ಕಾಲಮಿಗೆ ಆರಾಮಾಗಿ ಕೂರುತ್ತದೆ.

ಮಲೆನಾಡ್_ವಕೀಲ

ಹೆಸರಿನ ಸಾಲು ನೋಡೋಣ. ‘ಅಲಿಯಾಸ್’ ಬರೋದು ಎಫ್‌ಐಆರ್‌ನಿಂದ. ಠಾಣೆಯಲ್ಲಿ ಆಧಾರ್‌ ನೋಡಿ ಹಳೇ ಹೆಸರು ಬರೆದುಕೊಳ್ಳುತ್ತಾರೆ, ವರದಿಗಾರರು ಅದನ್ನು ಹಾಗೇ ಎತ್ತಿಡುತ್ತಾರೆ. ‘ಅಲಿಯಾಸ್’ ಅನ್ನೋದು ಓದುಗರ ಕಿವಿಗೆ ರೌಡಿಶೀಟರ್ ಥರ ಕೇಳಿಸುತ್ತದೆ. ಆ ವ್ಯಕ್ತಿ ಬಳಸುವ ಹೆಸರು ಒಂದೇ ಸಾಕು. ಹಳೇ ಹೆಸರು ಬೇಕಾಗುವುದು ತೀರಾ ಅಪರೂಪಕ್ಕೆ, ತಲೆಮರೆಸಿಕೊಂಡವರ ಪತ್ತೆಗೆ ಪೊಲೀಸರೇ ಪ್ರಕಟಣೆ ಕೊಟ್ಟಾಗ. ಆಗಲೂ ಸುದ್ದಿಯೊಳಗೆ ಒಂದು ಸಲ, ಶೀರ್ಷಿಕೆಯಲ್ಲಿ ಬೇಡವೇ ಬೇಡ.

‘ಹೆಣ್ಣಿನ ವೇಷ ಧರಿಸಿ’ ಸಾಲನ್ನು ಪೂರ್ತಿ ಕಿತ್ತುಹಾಕಿ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಲಿಂಗತ್ವವನ್ನು ವ್ಯಕ್ತಿ ತಾನೇ ಗುರುತಿಸಿಕೊಳ್ಳುವುದು ಹಕ್ಕು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ಕಾನೂನುಬಾಹಿರ ಎಂದಿದೆ. ‘ವೇಷ’ ಅಂದ ಕೂಡಲೇ ಮೋಸದ ಆರೋಪ ಸೇರಿಕೊಳ್ಳುತ್ತದೆ. ದೂರಿನಲ್ಲಿ ವಂಚನೆಯ ಕಲಂ ಇಲ್ಲದಿದ್ದರೆ ಆ ಆರೋಪ ನಿಮ್ಮದು, ಪೊಲೀಸರದ್ದಲ್ಲ.

‘ವಶಕ್ಕೆ ಪಡೆದರು’, ‘ಬಂಧಿಸಿದರು’ ಬೇರೆ ಬೇರೆ. ಪೇದೆಯ ವಾಟ್ಸ್ಆ್ಯಪ್ ನಂಬದೆ ಠಾಣಾಧಿಕಾರಿಗೆ ಕೇಳಿ: ಅಪರಾಧ ಸಂಖ್ಯೆ ಎಷ್ಟು, ಯಾವ ಕಲಂ, ಬಂಧನವೋ, ನೋಟಿಸ್ ಕೊಟ್ಟು ಕಳಿಸಿದ್ದೋ. ಎಫ್‌ಐಆರ್ ಅನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಬಿಟ್ಟು. ಇಂಥ ಹಲ್ಲೆ ಕೇಸು ಅಲ್ಲೇ ಓದಲು ಸಿಗುತ್ತದೆ. ಪ್ರತಿದೂರು ಇದೆಯೇ ಅಂತಲೂ ನೋಡಿ. ಹಲ್ಲೆ ಕೇಸಿನಲ್ಲಿ ಎರಡೂ ಕಡೆಯವರು ದೂರು ಕೊಡುವುದು ಮಾಮೂಲು. ಪೇಪರಿಗೆ ಬರೋದು ಮಾತ್ರ ಮೊದಲು ಠಾಣೆ ತಲುಪಿದವರದ್ದು.

ಸಕ್ಲೇಶ್ಪುರ_ರೋಡ್

ಎಲ್ಲಾ ಸರಿ ಸ್ವಾಮಿ. ಆದ್ರೆ ಟೋಲು, ಸಿಗ್ನಲ್ಲು, ಕಡೂರು–ಅರಸೀಕೆರೆ ರೈಲಲ್ಲಿ ಜನ ಪಡೋ ಕಿರಿಕಿರಿ ಸುಳ್ಳಾ? ಹೆಂಗಸರು ಮಕ್ಕಳ ಎದುರು ಸೀರೆ ಎತ್ತಿ ಬೈದ್ರೆ ಅದನ್ನ ಬರೀಬಾರ್ದಾ? ಭಾಷೆ ನಯ ಮಾಡೋಕೆ ಹೋಗಿ ಸುದ್ದಿನೇ ಮುಚ್ಚಾಕ್ಬುಟ್ರೆ ಓದುಗ ಸುಮ್ನಿರ್ತಾನಾ?

ರಾತ್ರಿಪಾಳಿ

ಅಣ್ಣ, ಮುಚ್ಚಿಡಿ ಅಂತ ಯಾರೂ ಹೇಳ್ತಿಲ್ಲ. ಇನ್ನೂ ಜಾಸ್ತಿ ಬರೀಬೇಕು ಅಂತಲೇ ಹೇಳ್ತಿರೋದು. ಎಷ್ಟು ಗಂಟೆಗೆ, ಎಷ್ಟು ಹಣ ಕೇಳಿದರು, ಏನಾಯಿತು, ಗಾಯದ ಬಗ್ಗೆ ವೈದ್ಯರು ಏನು ಬರೆದುಕೊಟ್ಟರು, ಟೋಲಿನವರ ಸಿಸಿಟಿವಿಯಲ್ಲಿ ಏನಿದೆ. ‘ಹಾವಳಿ’ ಅಂತ ಬರೆದಾಗ ಇದ್ಯಾವುದನ್ನೂ ಕೇಳದೆ ದಾಟಿಕೊಳ್ಳಬಹುದು, ಅದಕ್ಕೇ ಆ ಪದ ಅಷ್ಟು ಹಿತ. ರೈಲಿನ ಸುದ್ದಿಯಾದರೆ ರೈಲ್ವೆ ಕಾಯ್ದೆಯ 144ನೇ ಕಲಮಿನಲ್ಲಿ ಭಿಕ್ಷಾಟನೆಗೂ ಪರವಾನಗಿ ಇಲ್ಲದ ಮಾರಾಟಕ್ಕೂ ಒಟ್ಟಿಗೇ ನಿಷೇಧವಿದೆ. ರೈಲ್ವೆ ರಕ್ಷಣಾ ಪಡೆಯವರು (ಆರ್‌ಪಿಎಫ್) ವರ್ಷದಲ್ಲಿ ಯಾರ ಮೇಲೆ ಎಷ್ಟು ಕೇಸು ಹಾಕಿದರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಒಳ್ಳೇ ವರದಿಯೇ ಆಗುತ್ತದೆ.

ಮಲೆನಾಡ್_ವಕೀಲ

ಒಂದು ಸೇರಿಸ್ತೀನಿ. ಹಲ್ಲೆಗೆ ಒಳಗಾದವರೇ ಟ್ರಾನ್ಸ್ ವ್ಯಕ್ತಿಯಾಗಿದ್ದಾಗ ಎಫ್‌ಐಆರ್‌ನಲ್ಲಿ ಟ್ರಾನ್ಸ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆಯ 18ನೇ ಕಲಂ ಹಾಕಿದ್ದಾರಾ ಅಂತ ವರದಿಗಾರರು ಕೇಳಬೇಕು. ಊರು–ಮನೆ ಬಿಡಿಸುವುದು, ಸಾರ್ವಜನಿಕ ಜಾಗಕ್ಕೆ ಬಿಡದಿರುವುದು, ಮೈಮೇಲಿನ ಹಲ್ಲೆ, ಮಾತಿನ ನಿಂದನೆ ಎಲ್ಲ ಅದರಡಿ ಬರುತ್ತವೆ. ಕಾಯ್ದೆ ಬಂದಾಗ ಇಟ್ಟ ಶಿಕ್ಷೆ 6 ತಿಂಗಳಿಂದ 2 ವರ್ಷ. ಅದನ್ನು ಹಾಕದೆ ಬರೀ ಹಲ್ಲೆ ಕಲಂ ಹಾಕಿದ್ದರೆ ಅದೇ ಸುದ್ದಿ.

ಇನ್ನು ‘ಮಕ್ಕಳ ಕಳ್ಳರು’ ವದಂತಿ. 2018ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಇದೇ ವದಂತಿಗೆ ಟ್ರಾನ್ಸ್ ಮಹಿಳೆಯೊಬ್ಬರನ್ನು ಗುಂಪು ಹೊಡೆದು ಕೊಂದಿತು. ಇದಕ್ಕೆ ಕಾನೂನಿನಲ್ಲೂ ಬೇರಿತ್ತು. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಕಲಂ ಸೇರಿಸಿ, ಮಕ್ಕಳ ಅಪಹರಣದ ಗುಮಾನಿ ಇರುವವರು ಅಂತ ಈ ಸಮುದಾಯದವರ ಪಟ್ಟಿ ಇಡುವ ಅಧಿಕಾರ ಕೊಟ್ಟಿದ್ದರು. ಹೈಕೋರ್ಟಿನಲ್ಲಿ ಪ್ರಶ್ನೆಯಾದ ಮೇಲೆ ತಿದ್ದುಪಡಿ ತಂದು ಸಮುದಾಯದ ಉಲ್ಲೇಖ ತೆಗೆದರು. ಹಾಗಾಗಿ ‘ಮಂಗಳಮುಖಿ ವೇಷದಲ್ಲಿ ಮಕ್ಕಳ ಕಳ್ಳರು’ ಅಂತ ಫಾರ್ವರ್ಡ್ ಬಂದರೆ ಎಸ್ಪಿ ಕಚೇರಿಯಿಂದ ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ತನಕ ಒಂದು ಸಾಲನ್ನೂ ಹಾಕಬೇಡಿ. ‘ವದಂತಿ ಹಬ್ಬಿದೆ’ ಅಂತಲೂ ಬೇಡ. ಓದುಗರ ತಲೆಯಲ್ಲಿ ಉಳಿಯುವುದು ‘ಹಬ್ಬಿದೆ’ ಅಲ್ಲ, ‘ಮಕ್ಕಳ ಕಳ್ಳರು’.

ವ್ಯಾಕರಣ_ಮೇಷ್ಟ್ರು

‘ಎಂಬಾತ’ನಿಗೆ ಪರಿಹಾರ ಕನ್ನಡದಲ್ಲೇ ಇದೆ: ‘ಎಂಬವರು’. ‘ಎಂಬವರನ್ನು ವಿಚಾರಣೆಗೆ ಒಳಪಡಿಸಿದ್ದಾರೆ’ ಅಂದರೆ ಗಂಡು ಹೆಣ್ಣು ಯಾವುದನ್ನೂ ಊಹಿಸಬೇಕಾಗಿಲ್ಲ. ತೊಡಕು ಇರೋದು ವ್ಯಾಕರಣದಲ್ಲಲ್ಲ, ಆರೋಪಿಗೆ ಏಕವಚನವೇ ಇರಬೇಕೆಂಬ ಹಳೇ ರೂಢಿಯಲ್ಲಿ. ಆರೋಪಿಗಳಿಗೆಲ್ಲ ‘ಅವರು’ ಅಂತ ಒಂದೇ ನಿಯಮ ಮಾಡಿಕೊಂಡರೆ ಟ್ರಾನ್ಸ್ ವ್ಯಕ್ತಿಗಳಿಗೆಂದು ಪ್ರತ್ಯೇಕ ನಿಯಮವೇ ಬೇಡ.

ತಪ್ಪುವುದು ಎಲ್ಲಿ ಗೊತ್ತಾ? ಮೊದಲ ಪ್ಯಾರಾದಲ್ಲಿ ‘ಅವರು’ ಹಾಕಿ, ಕೊನೇ ಪ್ಯಾರಾದಲ್ಲಿ ಕ್ರಿಯಾಪದ ಜಾರಿ ‘ಪರಾರಿಯಾಗಿದ್ದ’ ಆಗಿಬಿಡುತ್ತದೆ. ‘ಈತ’, ‘ಈಕೆ’ ಹುಡುಕಿದರೆ ಸಾಲದು, ‘ದ್ದ’, ‘ದ್ದಾನೆ’, ‘ದ್ದಾಳೆ’ ಅಂತಲೂ ಕಾಪಿಯಲ್ಲಿ ಹುಡುಕಿ. ಸಂದರ್ಶನವಾದರೆ ಅವರನ್ನೇ ಕೇಳಿ: ‘ನಿಮ್ಮ ಬಗ್ಗೆ ಬರೆಯುವಾಗ ಏನು ಬಳಸಲಿ?’

ನವಿಲುಗರಿ_ಚಿಕ್ಕಮಗಳೂರು

ಸಮುದಾಯದ ಜೊತೆ ಕೆಲಸ ಮಾಡುವವಳಾಗಿ ಮೊದಲು ಹೆಸರುಗಳ ಬಗ್ಗೆ ಚುಟುಕಾಗಿ. ಮಂಗಳಮುಖಿ ಅನ್ನೋದನ್ನು ಕೆಲವರು ಪ್ರೀತಿಯಿಂದ ಬಳಸುತ್ತಾರೆ, ಕೆಲವರಿಗೆ ಆಗೋದಿಲ್ಲ. ಎಲ್ಲರಿಗೂ ಸಲ್ಲುವುದು ‘ಲಿಂಗತ್ವ ಅಲ್ಪಸಂಖ್ಯಾತರು’, ‘ಟ್ರಾನ್ಸ್ ಮಹಿಳೆ’, ‘ಟ್ರಾನ್ಸ್ ಪುರುಷ’. ಟ್ರಾನ್ಸ್ ಪುರುಷರು ಇದ್ದಾರೆ ಅನ್ನೋದೇ ನಮ್ಮ ಜಿಲ್ಲಾ ಪುಟಗಳಿಗೆ ಗೊತ್ತಿಲ್ಲ, ಅದು ಬೇರೆ ಮಾತು. ಜೋಗತಿ, ಜೋಗಪ್ಪ ಯಲ್ಲಮ್ಮನ ಪರಂಪರೆಯವರು, ಹಾಸನದ ಸಿಗ್ನಲ್ ಸುದ್ದಿಗೆ ಅವರನ್ನು ಎಳೆತರಬೇಡಿ. ಅಂತರಲಿಂಗಿ ಅಂದರೆ ಹುಟ್ಟುವಾಗಿನ ದೇಹರಚನೆಯ ವಿಷಯ, ಲಿಂಗತ್ವ ಅಂದರೆ ತನ್ನನ್ನು ತಾನು ಏನೆಂದು ಅರಿಯುತ್ತೇನೆಂಬ ವಿಷಯ, ಸಲಿಂಗಿ ಅಂದರೆ ಯಾರ ಮೇಲೆ ಮನಸ್ಸು ಎಂಬ ವಿಷಯ. ಮೂರನ್ನೂ ಒಂದೇ ಚೀಲಕ್ಕೆ ಹಾಕಿದ ವರದಿ ಮುಂದಕ್ಕೆ ಎಲ್ಲಾ ತಪ್ಪೇ.

ಈಗ ಚಿತ್ರ, ವಿಡಿಯೊ. ಅತಿ ಹೆಚ್ಚು ಹಾನಿ ಆಗೋದು ಇಲ್ಲೇ.

ಹಳೇ ಫೈಲಿನ ಮುಖ ಹಾಕೋದು ನೇರ ಮಾನಹಾನಿ. ಆ ಮೂವರಿಗೂ ಈ ಕೇಸಿಗೂ ಸಂಬಂಧವಿಲ್ಲ, ಆದರೆ ನಾಳೆ ಬಾಡಿಗೆ ಮನೆಯ ಮಾಲೀಕರು ಪೇಪರ್ ಹಿಡಿದುಕೊಂಡು ಬಾಗಿಲಿಗೆ ಬರೋದು ಅವರ ಹತ್ತಿರ.

ಮುಖ ಮಸುಕು ಮಾಡೋದು ಅಂದರೆ ಕಣ್ಣಿಗೊಂದು ಕಪ್ಪು ಪಟ್ಟಿ ಅಲ್ಲ. ಪೂರ್ತಿ ಮುಖ, ಕಿವಿ, ಕೂದಲಂಚಿನವರೆಗೆ ದಟ್ಟವಾಗಿ ಮುಚ್ಚಬೇಕು. ಹಚ್ಚೆ, ಕೈಬಳೆ, ಹಿಂದಿನ ಅಂಗಡಿ ಬೋರ್ಡು, ಆಟೊ ನಂಬರು ನೋಡಿಕೊಳ್ಳಬೇಕು. ದನಿ ಬದಲಿಸಬೇಕು. ವಿಡಿಯೊದಲ್ಲಿ ಮುಖ ಆಚೀಚೆ ತಿರುಗಿದಾಗ ಮಸುಕು ಹಿಂದೆ ಬಿದ್ದು ಎರಡು ಫ್ರೇಮ್ ಮುಖ ಬಯಲಾಗುತ್ತದೆ, ನಿಧಾನಗತಿಯಲ್ಲಿ ಓಡಿಸಿ ನೋಡದಿದ್ದರೆ ಗೊತ್ತೇ ಆಗೋದಿಲ್ಲ. ಆಮೇಲೆ ಎಲ್ಲರೂ ಮರೆಯೋದು ಥಂಬ್‌ನೇಲ್: ಒಳಗೆ ಮಸುಕು, ಹೊರಗೆ ದೊಡ್ಡ ಮುಖ, ಕೆಂಪು ಬಾಣ. ಮಸುಕು ಮಾಡದ ಮೂಲ ಕ್ಲಿಪ್ಪನ್ನು ವರದಿಗಾರರ ಗ್ರೂಪಿಗೆ ಹಾಕಿದರೆ ಉಳಿದ ಕೆಲಸವೆಲ್ಲ ನೀರಿಗೆ.

ಅನುಮತಿ ಕೇಳುವಾಗ ‘ಒಂದ್ ಬೈಟ್ ಕೊಡಿ ಅಕ್ಕ’ ಅಂದರೆ ಸಾಲದು. ಹೆಸರು ಹಾಕಬಹುದಾ, ಮುಖ ತೋರಿಸಬಹುದಾ, ದನಿ ಬಳಸಬಹುದಾ ಅಂತ ಬಿಡಿಬಿಡಿಯಾಗಿ ಕೇಳಿ. ಪೇಪರಿಗಷ್ಟೇನಾ, ಯೂಟ್ಯೂಬಿಗೂ ಹೋಗುತ್ತಾ ಹೇಳಿ. ಅಲ್ಲಿ ಹಾಕಿದ್ದು ಊರಿನ ಅಣ್ಣತಮ್ಮಂದಿರ ಫೋನಿಗೂ ಹೋಗುತ್ತೆ, ವರ್ಷಗಟ್ಟಲೆ ಇರುತ್ತೆ ಅಂತಲೂ ಬಾಯಿಬಿಟ್ಟು ಹೇಳಿ. ಪ್ರಕಟವಾಗುವ ಮುನ್ನ ಬೇಡ ಅಂದರೆ ಬಿಟ್ಟುಬಿಡಿ.

ಕೇಳಬಾರದ ಪ್ರಶ್ನೆ: ಆಪರೇಷನ್ ಆಗಿದೆಯಾ, ಕೆಳಗೆ ಏನಿದೆ, ದಿನಕ್ಕೆ ಎಷ್ಟು ದುಡಿತೀರಿ, ಮೊದಲಿನ ಫೋಟೊ ಇದೆಯಾ. ಕೇಳಬಹುದಾದ್ದು ಬೇಕಾದಷ್ಟಿದೆ: ಬಾಡಿಗೆ ಮನೆ ಎಷ್ಟು ಅಡ್ವಾನ್ಸ್ ಕೇಳ್ತಾರೆ, ಸರ್ಕಾರ ಸಮುದಾಯಕ್ಕೆ ಕೊಡುವ ಮೈತ್ರಿ ಪಿಂಚಣಿ ತಿಂಗಳು ತಿಂಗಳು ಬರ್ತಿದೆಯಾ, ಸರ್ಕಾರಿ ನೇಮಕಾತಿಯಲ್ಲಿ 2021ರಿಂದ ಇರುವ ಶೇ 1ರ ಮೀಸಲಿಗೆ ಈ ಜಿಲ್ಲೆಯಿಂದ ಯಾರಾದರೂ ಅರ್ಜಿ ಹಾಕಿದ್ದಾರಾ.

ಬಾಳೆಹೊನ್ನೂರು_ಕಾಫಿ

ಅಕ್ಕ ಹೇಳಿದ್ದಕ್ಕೆ ಒಂದು ಬಾಲ. ನಮ್ಮಂಥ ಊರಲ್ಲಿ ಹೆಸರು ಬಿಟ್ಟರೂ ಗುರುತು ಬಿಡೋದಿಲ್ಲ. ‘ಮೂಡಿಗೆರೆ ಬಳಿಯ ಎಸ್ಟೇಟ್ ಒಂದರಲ್ಲಿ ರೈಟರ್ ಆಗಿರುವ 34 ವರ್ಷದ ಅವಿವಾಹಿತ’ ಅಂತ ಬರೆದರೆ ಸಂತೆ ದಿನ ಹೆಸರು ಊರೆಲ್ಲ ಸುತ್ತಿರುತ್ತದೆ. ತಾಲ್ಲೂಕು, ಕೆಲಸ, ವಯಸ್ಸು ಮೂರರಲ್ಲಿ ಒಂದನ್ನಷ್ಟೇ ಇಟ್ಟುಕೊಂಡು ಎರಡನ್ನು ಬಿಡಿ. ‘ಹೆಸರು ಬದಲಿಸಲಾಗಿದೆ’ ಅಂತ ಹಾಕುವಾಗ ಅದೇ ಜಾತಿ, ಅದೇ ಮೊದಲಕ್ಷರದ ಹೆಸರು ಇಡಬೇಡಿ.

ಮಲೆನಾಡ್_ವಕೀಲ

ಅದಕ್ಕೆ ಕಾನೂನಿನ ಬೆಂಬಲ ಇದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 72ನೇ ಕಲಂ, 2 ವರ್ಷದವರೆಗೆ ಶಿಕ್ಷೆ. ಬರೀ ಹೆಸರಲ್ಲ, ಗುರುತು ಹಿಡಿಯಬಹುದಾದ ಯಾವ ವಿವರವೂ ಕೂಡದು ಅಂತ ಸುಪ್ರೀಂ ಕೋರ್ಟು 2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಮಕ್ಕಳಾದರೆ ಪೋಕ್ಸೊ 23ನೇ ಕಲಂ: ಹೆಸರು, ವಿಳಾಸ, ಚಿತ್ರ, ಮನೆಯವರ ವಿವರ, ಶಾಲೆ, ಬಡಾವಣೆ ಯಾವುದೂ ಇಲ್ಲ. ಅದು ಗಂಡುಮಕ್ಕಳಿಗೂ ಅನ್ವಯ. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ್ದೆನ್ನಲಾದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹೋದದ್ದು ಎಲ್ಲರಿಗೂ ನೆನಪಿದೆ. ವಿಡಿಯೊದ ‘ಒಂದು ಸಣ್ಣ ತುಣುಕು’ ತೋರಿಸುವುದೂ, ಗೋಡೆ, ಮಂಚ, ಸೀರೆ ಬಣ್ಣ ವರ್ಣಿಸುವುದೂ ಅಷ್ಟೇ ಅಪಾಯ.

ಗಂಡಸಿನ ಮೇಲೆ ಗಂಡಸು ದೌರ್ಜನ್ಯ ಎಸಗಿದ ಆರೋಪ ಬಂದಾಗ ‘ಸಲಿಂಗಕಾಮ ಪ್ರಕರಣ’ ಅಂತ ಬರೆಯುವ ಚಾಳಿ ಇದೆ. ದೌರ್ಜನ್ಯಕ್ಕೂ ಪ್ರವೃತ್ತಿಗೂ ಸಂಬಂಧವಿಲ್ಲ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ‘ಭಿನ್ನಲಿಂಗಕಾಮ ಪ್ರಕರಣ’ ಅಂತ ಯಾರೂ ಹಾಕಿಲ್ಲ. 2018ರ ಸೆಪ್ಟೆಂಬರ್ 6ರ ನವತೇಜ್ ಜೋಹರ್ ತೀರ್ಪು ಹಳೇ ದಂಡಸಂಹಿತೆ ಐಪಿಸಿಯ 377ನೇ ಕಲಮಿನಿಂದ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಹೊರಗಿಟ್ಟಿತು, ಒಪ್ಪಿಗೆಯಿಲ್ಲದ್ದು ಅಪರಾಧವಾಗಿಯೇ ಉಳಿಯಿತು. 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ನಲ್ಲಿ 377ಕ್ಕೆ ಸಮನಾದ ಕಲಮೇ ಇಲ್ಲ. ಆ ದಿನಾಂಕಕ್ಕೆ ಮೊದಲು ನಡೆದದ್ದಕ್ಕೆ ಮಾತ್ರ ಐಪಿಸಿ. ಹಾಗಾಗಿ ಹೊಸ ಪ್ರಕರಣಕ್ಕೆ ‘377ರಡಿ ದೂರು’ ಅಂತ ಹಳೇ ಕಾಪಿಯಿಂದ ಅಂಟಿಸಬೇಡಿ, ಯಾವ ಕಲಂ ಅಂತ ಎಫ್‌ಐಆರ್ ನೋಡಿ. ವಯಸ್ಕ ಪುರುಷ ಸಂತ್ರಸ್ತರಿಗೆ 72ನೇ ಕಲಮಿನ ರಕ್ಷಣೆ ಇಲ್ಲ. ಆದರೂ ಹೆಸರು ಹಾಕದಿರುವುದೇ ಮರ್ಯಾದೆ.

ಡೆಸ್ಕ್_ಮೇಡಂ

ಹುಡುಗಿಯರಿಬ್ಬರು ಮನೆ ಬಿಟ್ಟು ಹೋದ ಸುದ್ದಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಮಾಮೂಲಿ ಶೀರ್ಷಿಕೆ ‘ಗೆಳತಿ ಜತೆ ಯುವತಿ ನಾಪತ್ತೆ’, ಕೆಳಗೆ ಇಬ್ಬರ ಫೋಟೊ, ಪೋಷಕರ ಫೋನ್ ನಂಬರು. ಇಬ್ಬರೂ 18 ದಾಟಿದ್ದಾರಾ ಅಂತ ಮೊದಲು ಕೇಳಿ. ದಾಟಿದ್ದು, ತಾವಾಗಿಯೇ ಹೋಗಿದ್ದೇವೆಂದು ಠಾಣೆಗೆ ಹೇಳಿದ್ದರೆ ಅದು ಸುದ್ದಿಯೇ ಅಲ್ಲ, ಫೋಟೊ ಹಾಕಿದರೆ ಹುಡುಕಿಕೊಂಡು ಹೊರಟವರಿಗೆ ದಾರಿ ತೋರಿಸಿದ ಹಾಗೆ. ಮನೆಯವರು ಹೇಬಿಯಸ್ ಕಾರ್ಪಸ್ (ಕೋರ್ಟಿಗೆ ಕರೆತನ್ನಿ ಎಂಬ ಅರ್ಜಿ) ಹಾಕಿದ್ದರೆ, 2024ರ ಮಾರ್ಚ್‌ನ ಸುಪ್ರೀಂ ಕೋರ್ಟಿನ ದೇವು ನಾಯರ್ ತೀರ್ಪು ಓದಿ ಹೋಗಿ. ಇಂಥವರನ್ನು ಕೋರ್ಟು ಹೇಗೆ ವಿಚಾರಿಸಬೇಕು, ಸಮಾಲೋಚನೆಯ ಹೆಸರಲ್ಲಿ ಮನಸ್ಸು ತಿರುಗಿಸುವ ಕೆಲಸ ಯಾಕೆ ಕೂಡದು ಅಂತ ಅದರಲ್ಲಿದೆ.

ಆತ್ಮಹತ್ಯೆಯಾದರೆ ನಿಯಮ ಇನ್ನೂ ಬಿಗಿ. ಪ್ರೆಸ್ ಕೌನ್ಸಿಲ್ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳನ್ನು ಒಪ್ಪಿಕೊಂಡಿದೆ: ಎದ್ದು ಕಾಣುವ ಹಾಗೆ ಹಾಕಬೇಡಿ, ವಿಧಾನ ಬರೆಯಬೇಡಿ, ಜಾಗ ವರ್ಣಿಸಬೇಡಿ, ಪತ್ರದ ಫೋಟೊ ಹಾಕಬೇಡಿ. ‘ಸಲಿಂಗ ಪ್ರೇಮವೇ ಕಾರಣ’ ಅನ್ನೋದಂತೂ ಬೇಡವೇ ಬೇಡ. ಮನೆಯಲ್ಲಿ ಹೊಡೆತ, ಬಲವಂತದ ಮದುವೆ ನಿಶ್ಚಯ ಇದ್ದಿದ್ದರೆ ಅದನ್ನು ಬಿಟ್ಟು ಪ್ರೇಮಕ್ಕೆ ಆರೋಪ ಹೊರಿಸಿದ ಹಾಗಾಗುತ್ತದೆ. ಸುದ್ದಿಯ ಕೆಳಗೆ ಟೆಲಿ ಮನಸ್ 14416 ಹಾಕಿ, ಕನ್ನಡದಲ್ಲೇ ಮಾತಾಡಬಹುದು.

ಸ್ಟುಡಿಯೊ ಚರ್ಚೆಗೆ ‘ತಜ್ಞ’ರನ್ನು ಕರೆಯುವವರಿಗೂ ಒಂದು ಮಾತು. ಜ್ಯೋತಿಷಿ, ಧರ್ಮಗುರು, ಕಿರಿಚುವ ವಕ್ತಾರ ಮೂವರನ್ನು ಕೂರಿಸಿ ‘ಇದು ಕಾಯಿಲೆಯೇ?’ ಅಂತ ಕೇಳೋದು ಸಮತೋಲನ ಅಲ್ಲ. 1990ರ ಮೇ 17ರಂದೇ ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರವೃತ್ತಿಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ‘ಸರಿಪಡಿಸುವ ಚಿಕಿತ್ಸೆ’ ಕೊಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಆಗಸ್ಟಿನಲ್ಲಿ ಹೇಳಿದೆ. ಹಾಗಾಗಿ ‘ಗುಣಪಡಿಸುತ್ತೇವೆ’ ಎಂಬ ಜಾಹೀರಾತು ಬಂದರೆ ಜಾಹೀರಾತು ವಿಭಾಗಕ್ಕೂ ಇದನ್ನು ತಿಳಿಸಿ. ತಿಂಗಳ ಕೊನೆಯಲ್ಲಿ ಅವರು ಏನನ್ನೂ ಕೇಳಿಸಿಕೊಳ್ಳೋದಿಲ್ಲ, ಗೊತ್ತು.

ಕೊಪ್ಪ_ಸ್ತ್ರೀವೇಷ

ಸುದ್ದಿ ಆಯಿತು, ಮನರಂಜನೆ? ನಮ್ಮ ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಮಾಡಿದರೆ ಯಾರೂ ನಗೋದಿಲ್ಲ. ಹೆಜ್ಜೆ ಅಳತೆ ಕಿರಿದು, ಭುಜ ಇಳಿಬಿಟ್ಟು, ಕುತ್ತಿಗೆ ತಿರುಗುವ ಮೊದಲು ಕಣ್ಣು ತಿರುಗಬೇಕು, ಮಾತಿಗೆ ಬೇರೆಯೇ ಶ್ರುತಿ. ವರ್ಷಗಟ್ಟಲೆ ಕಲಿತದ್ದು. ಟೀವಿ ಕಾಮಿಡಿಯಲ್ಲಿ ಗಂಡಸಿಗೆ ನೈಟಿ ಹಾಕಿಸಿ ಬಿಟ್ಟರೆ ಕಲಿಯುವಂಥದ್ದೇನೂ ಇಲ್ಲ. ನಗು ಬರಬೇಕಾದ್ದೇ ಅವನು ಹೆಣ್ಣಾಗಿ ಕಾಣದಿರುವುದಕ್ಕೆ. ಹೆಣ್ಣಿನಂತೆ ನಡೆಯುವ ಗಂಡು ಅಂದರೆ ಸಾಕು, ಹಿಂದೊಂದು ‘ಟುಂಯ್’ ಸದ್ದು, ತೀರ್ಪುಗಾರರ ಮುಖಕ್ಕೆ ಕ್ಯಾಮೆರಾ. ನಾಳೆ ಶಾಲೆಯಲ್ಲಿ ಅದೇ ಸದ್ದನ್ನು ಹುಡುಗರು ಬಾಯಲ್ಲಿ ಮಾಡುತ್ತಾರೆ.

ಸ್ಕಿಟ್ ಬರೆಯುವವರಿಗೆ ಪರೀಕ್ಷೆ: ವಿಗ್ ತೆಗೆಯಿರಿ, ಸದ್ದು ತೆಗೆಯಿರಿ. ಜೋಕು ಉಳಿಯಿತಾ? ಉಳಿಯದಿದ್ದರೆ ಅಲ್ಲಿ ಜೋಕೇ ಇರಲಿಲ್ಲ. ಧಾರಾವಾಹಿಗಳಲ್ಲಿ ಇನ್ನೊಂದು ರೋಗ. ಮಂಗಳಮುಖಿ ಪಾತ್ರ ಬರೋದು ಎರಡೇ ಕಡೆ, ಮಗುವಿಗೆ ಹರಸೋಕೆ ಇಲ್ಲಾ ರೌಡಿಗಳಿಂದ ನಾಯಕಿಯನ್ನು ಬಿಡಿಸೋಕೆ. ಚಪ್ಪಾಳೆ ಹೊಡೆದು ಬಂದು ಚಪ್ಪಾಳೆ ಹೊಡೆದು ಹೋಗುತ್ತಾರೆ. ಆ ಪಾತ್ರಕ್ಕೆ ಮನೆ ಎಲ್ಲಿ, ರಾತ್ರಿ ಅಡಿಗೆ ಏನು, ಯಾರ ಜೊತೆ ಜಗಳ, ಒಂದನ್ನೂ ಬರೆದಿರೋದಿಲ್ಲ.

ಹಳೇಬೀಡು_ಶಿಲ್ಪ

ನಮ್ಮ ಬೇಲೂರಿನ ಮೋಹಿನಿ ಕಂಬವನ್ನೂ ಲೇಖನದಲ್ಲಿ ತರಬಹುದಲ್ಲ? ವಿಷ್ಣುವೇ ಹೆಣ್ಣಾದ ಕಥೆ ನಮ್ಮಲ್ಲಿದೆ ಅಂದರೆ ಓದುಗರು ಬೇಗ ಒಪ್ಪುತ್ತಾರೆ.

ನವಿಲುಗರಿ_ಚಿಕ್ಕಮಗಳೂರು

ತರಬಹುದು ಸರ್, ವಿಶೇಷ ಸಂಚಿಕೆಗೆ. ಆದರೆ ಮೋಹಿನಿಗೆ ಕೈಮುಗಿಯುವವರೇ ಬಾಡಿಗೆ ಮನೆ ಇಲ್ಲ ಅನ್ನೋದು. ದೇವರ ಕಥೆ ಇದ್ದರೆ ಮಾತ್ರ ಒಪ್ಪಿಗೆ ಅನ್ನೋ ಷರತ್ತೂ ಅದರೊಳಗೆ ಬಂದುಬಿಡುತ್ತೆ. 2021ರಲ್ಲಿ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದಾಗ ಅವರು ರಾಷ್ಟ್ರಪತಿಗಳಿಗೆ ಸೆರಗಿನಲ್ಲಿ ದೃಷ್ಟಿ ತೆಗೆದ ದೃಶ್ಯ ಎಲ್ಲ ಫೋನಲ್ಲೂ ಓಡಿತು. ಒಳ್ಳೆಯದೇ. ಜೋಗತಿ ನೃತ್ಯವನ್ನು ಅವರು ಕಲಿತದ್ದು, ಕಲಿಸಿದ್ದು, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದು ಇವಕ್ಕೆ ಸಿಕ್ಕ ಜಾಗ ಅದಕ್ಕೆ ಹೋಲಿಸಿದರೆ ಚೂರು. ಕಲಾವಿದರ ಬಗ್ಗೆ ಬರೆಯುವಾಗ ಮೊದಲ ಮೂರು ಪ್ಯಾರಾ ಕಲೆಗೆ ಕೊಡಿ, ನೋವಿನ ಬಾಲ್ಯ ಅವರಾಗಿ ಹೇಳಿದರೆ ಆಮೇಲೆ.

ಸಕ್ಲೇಶ್ಪುರ_ರೋಡ್

ಸರಿ, ತಪ್ಪಾಗಿ ಬಂದೇಬಿಡ್ತು ಅಂತಿಟ್ಕೊಳಿ. ಯಾರಿಗೆ ಹೇಳೋದು? ಎಡಿಟರ್‌ಗೆ ಫೋನ್ ಮಾಡಿದ್ರೆ ‘ನೋಡೋಣ ಕಳಿಸಿ’ ಅಂತಾರೆ, ಅಲ್ಲಿಗೆ ಮುಗೀತು.

ಮಲೆನಾಡ್_ವಕೀಲ

ಫೋನ್ ಮಾಡಲೇಬೇಡಿ. ಮೊದಲು ಸಾಕ್ಷ್ಯ. ಇ–ಪೇಪರಿನ ಆ ಪುಟ ಇಳಿಸಿಕೊಳ್ಳಿ, ಆವೃತ್ತಿ ಮತ್ತು ಪುಟ ಸಂಖ್ಯೆ ಬರೆದಿಡಿ. ಹಾಸನ ಆವೃತ್ತಿಯಲ್ಲಿ ಬಂದದ್ದು ಮೈಸೂರಿನದರಲ್ಲಿ ಇರೋದಿಲ್ಲ, ಹಾಗಾಗಿ ‘ನಮ್ಮಲ್ಲಿ ಬಂದೇ ಇಲ್ಲ’ ಅಂತ ಉತ್ತರ ಬರುತ್ತದೆ. ಯೂಟ್ಯೂಬಾದರೆ ವಿಳಾಸ, ಥಂಬ್‌ನೇಲ್, ದಿನಾಂಕ ಮೂರೂ ಕಾಣುವಂತೆ ಸ್ಕ್ರೀನ್ ರೆಕಾರ್ಡ್ ಮಾಡಿ. ದೂರು ಹೋದ ಕೂಡಲೇ ಥಂಬ್‌ನೇಲ್ ಬದಲಾಗುತ್ತದೆ.

ಪತ್ರಿಕೆಗೆ: ಸಂಪಾದಕರ ಹೆಸರು, ವಿಳಾಸ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಅಲ್ಲಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ. ಉತ್ತರ ಬರದಿದ್ದರೆ ಅಥವಾ ಒಪ್ಪದಿದ್ದರೆ ಪ್ರೆಸ್ ಕೌನ್ಸಿಲಿಗೆ. ದಿನಪತ್ರಿಕೆ, ವಾರಪತ್ರಿಕೆಗೆ ಪ್ರಕಟವಾದ 2 ತಿಂಗಳೊಳಗೆ, ಉಳಿದವಕ್ಕೆ 4 ತಿಂಗಳು. ಸಂಪಾದಕರಿಗೆ ಬರೆದ ಪತ್ರದ ಪ್ರತಿ ಇಲ್ಲದಿದ್ದರೆ ದೂರು ವಾಪಸ್. ಕೌನ್ಸಿಲ್ ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ದಂಡ ಹಾಕಲಾರದು.

ಟೀವಿಗೆ: ಸುದ್ದಿ ವಾಹಿನಿಗಳ ಸ್ವಯಂ ನಿಯಂತ್ರಣ ಪ್ರಾಧಿಕಾರಕ್ಕೆ ಹೋಗುವುದಾದರೆ ಪ್ರಸಾರವಾದ 7 ದಿನದೊಳಗೆ ಮೊದಲು ವಾಹಿನಿಗೆ ಬರೆಯಬೇಕು. ಹೆಚ್ಚಿನ ದೂರು ಸಾಯೋದು ಈ 7 ದಿನದಲ್ಲೇ. ಆ ಪ್ರಾಧಿಕಾರದ ಸದಸ್ಯತ್ವ ಇಲ್ಲದ ವಾಹಿನಿಯಾದರೆ ಕೇಬಲ್ ನಿಯಮಗಳ 2021ರ ತಿದ್ದುಪಡಿಯಂತೆ ವಾಹಿನಿ 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ಉತ್ತರ ಕೊಡಬೇಕು, ಆಮೇಲೆ ಮೇಲ್ಮನವಿ. ಫಲವೇ ಇಲ್ಲ ಅನ್ನಬೇಡಿ. 2011ರಲ್ಲಿ ಹೈದರಾಬಾದಿನ ಸಲಿಂಗಿಗಳ ಬಗ್ಗೆ ಗುಪ್ತ ಕಾರ್ಯಾಚರಣೆ ಮಾಡಿ ಗುರುತು ಬಯಲು ಮಾಡಿದ ತೆಲುಗು ವಾಹಿನಿಗೆ ಈ ಪ್ರಾಧಿಕಾರ ₹1 ಲಕ್ಷ ದಂಡ ಹಾಕಿ, ಕ್ಷಮೆ ಪ್ರಸಾರ ಮಾಡಿಸಿತು.

ಒಬ್ಬರೇ ನಡೆಸುವ ಯೂಟ್ಯೂಬ್ ಚಾನೆಲ್ಲೇ ಕಷ್ಟ. ನಗ್ನತೆ, ಖಾಸಗಿ ಅಂಗ, ತಿರುಚಿದ ಚಿತ್ರ ಇದ್ದರೆ ಬಾಧಿತರು ಅಥವಾ ಅವರ ಪರವಾಗಿ ಒಬ್ಬರು ದೂರಿದ 24 ಗಂಟೆಯೊಳಗೆ ವೇದಿಕೆ ತೆಗೆಯಬೇಕು ಅಂತ 2021ರ ಐಟಿ ನಿಯಮದಲ್ಲಿತ್ತು, 2026ರ ಫೆಬ್ರುವರಿಯ ತಿದ್ದುಪಡಿಯಿಂದ ಆ ಗಡುವು 2 ಗಂಟೆ. ಬರೀ ಅವಹೇಳನವಾದರೆ ಕುಂದುಕೊರತೆ ಅಧಿಕಾರಿಗೆ ಬರೆದು ಕಾಯಬೇಕು.

ಹೇಮಾವತಿ_ಡೆಸ್ಕ್

ದೂರಿನಲ್ಲಿ ‘ಕ್ಷಮೆ ಕೇಳಿ’ ಅಂತಷ್ಟೇ ಬರೆಯಬೇಡಿ, ಏನನ್ನು ತಿದ್ದಬೇಕು ಅಂತ ಪಟ್ಟಿ ಕೊಡಿ. ವೆಬ್ಬಿನಲ್ಲಿ ಶೀರ್ಷಿಕೆ ಬದಲಿಸಿದರೂ ವಿಳಾಸದ ಸಾಲಿನಲ್ಲಿ ಹಳೇ ಹೆಸರು ಉಳಿದಿರುತ್ತದೆ. ವಾಟ್ಸ್ಆ್ಯಪ್, ಫೇಸ್‌ಬುಕ್‌ನಲ್ಲಿ ಲಿಂಕ್ ಹಾಕಿದರೆ ಮೊದಲು ಸಂಗ್ರಹಿಸಿದ ಹಳೇ ಚಿತ್ರವೇ ಮೇಲೆ ಬರುತ್ತದೆ. ವಿಳಾಸ ಬದಲಿಸಿ ಹಳೆಯದನ್ನು ಹೊಸದಕ್ಕೆ ತಿರುಗಿಸಬೇಕು, ಫೇಸ್‌ಬುಕ್‌ನ ಶೇರಿಂಗ್ ಡೀಬಗರ್‌ನಲ್ಲಿ ಮತ್ತೆ ಓದಿಸಬೇಕು, ಗೂಗಲ್‌ನಲ್ಲಿ ಹಳೇ ಸಾಲು ಕಾಣುತ್ತಿದ್ದರೆ ಅದನ್ನು ತೆಗೆಯುವ ಅರ್ಜಿ ಪ್ರತ್ಯೇಕ. ಇ–ಪೇಪರಿನ ಪುಟವನ್ನು ಮಾತ್ರ ಬದಲಿಸೋಕೆ ಯಾರೂ ಒಪ್ಪೋದಿಲ್ಲ, ತಿದ್ದುಪಡಿಯನ್ನು ಅದೇ ಪುಟದಲ್ಲಿ ಮರುದಿನ ಹಾಕಿ ಅಂತ ಕೇಳಿ.

ಮಾದರಿಯನ್ನು ಎಲ್ಲರ ಮಾತು ಕೇಳಿ ಮರುಬರೆದಿದ್ದೇನೆ:

ಟೋಲ್ ಬಳಿ ಕಾರು ಚಾಲಕನ ಮೇಲೆ ಹಲ್ಲೆ: ಒಬ್ಬರ ವಿಚಾರಣೆ

ಹಾಸನ: ನಗರದ ಹೊರವಲಯದ ಟೋಲ್ ಗೇಟ್ ಬಳಿ ಭಾನುವಾರ ಸಂಜೆ ಹಣ ಕೇಳುವ ವಿಚಾರದಲ್ಲಿ ನಡೆದ ಜಗಳದಲ್ಲಿ ಕಾರು ಚಾಲಕರೊಬ್ಬರು ಗಾಯಗೊಂಡಿದ್ದಾರೆ. ‘ಕ’ (28) ಎಂಬವರನ್ನು ಪೊಲೀಸರು ವಿಚಾರಣೆಗೆ ಒಳಪಡಿಸಿದ್ದಾರೆ. ಚಾಲಕರೇ ಮೊದಲು ನಿಂದಿಸಿ ತಳ್ಳಿದರು ಎಂದು ‘ಕ’ ಅವರೂ ಪ್ರತಿದೂರು ನೀಡಿದ್ದು, ಎರಡೂ ಪ್ರಕರಣ ದಾಖಲಾಗಿವೆ. ಟೋಲ್‌ನ ಸಿಸಿಟಿವಿ ದೃಶ್ಯವನ್ನು ಪೊಲೀಸರು ಪಡೆದಿದ್ದಾರೆ.

ಚಿತ್ರ: ಇಲ್ಲ.

ಸಕ್ಲೇಶ್ಪುರ_ರೋಡ್

ಇದ್ರಲ್ಲಿ ಅವರು ಟ್ರಾನ್ಸ್ ಅನ್ನೋದೇ ಬಂದಿಲ್ವಲ್ಲ ಗುರುವೇ?

ರಾತ್ರಿಪಾಳಿ

ಜಗಳಕ್ಕೆ ಅದು ಕಾರಣ ಅಂತ ಎರಡು ದೂರಿನಲ್ಲಿ ಯಾವುದರಲ್ಲಾದರೂ ಇದ್ದರೆ ಹಾಕಬೇಕು. ಚಾಲಕ ಲಿಂಗತ್ವ ಹಿಡಿದು ಬೈದ ಅಂತ ಪ್ರತಿದೂರಿನಲ್ಲಿದ್ದರೆ ಮೂರನೇ ಸಾಲಿಗೆ ಬರುತ್ತೆ, 18ನೇ ಕಲಂ ಹಾಕಿದ್ದಾರಾ ಅನ್ನೋದೂ ಜೊತೆಗೆ. ಇಲ್ಲ ಅಂದ್ರೆ ಚಾಲಕನ ಜಾತಿ ಹಾಕಿಲ್ಲವಲ್ಲ, ಹಾಗೇ ಇದೂ ಬೇಡ.

ಡೆಸ್ಕ್_ಮೇಡಂ

‘ಹಣ ಕೇಳುವ ವಿಚಾರದಲ್ಲಿ’ ಅನ್ನೋದು ಯಾರ ಹೇಳಿಕೆ? ಚಾಲಕರ ದೂರಿನದಾದರೆ ‘ಎಂದು ಚಾಲಕರು ದೂರಿದ್ದಾರೆ’ ಸೇರಿಸಿ. ಮತ್ತೆ ಚಾರ್ಜ್‌ಶೀಟ್ ದಿನ ಯಾರು ಫಾಲೋ ಮಾಡ್ತಾರೆ ಅಂತ ಈಗಲೇ ಡೈರಿಯಲ್ಲಿ ಬರೆದಿಡಿ. ‘ಬಿ’ ರಿಪೋರ್ಟ್ (ಸಾಕ್ಷ್ಯವಿಲ್ಲವೆಂದು ಕೇಸು ಮುಚ್ಚುವ ವರದಿ) ಹಾಕಿದರೆ ಅದೂ ಇಷ್ಟೇ ಕಾಲಮಿನಲ್ಲಿ, ಇದೇ ಪುಟದಲ್ಲಿ ಬರಬೇಕು.